ಗಡಿಯಾರದ ಊರಿನ ಬಂಡಾಯಗಾರರು

1872ರ ಸೆಪ್ಟೆಂಬರ್ 15, ಭಾನುವಾರ. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳ ನಡುವಿನ ಸೇಂಟ್ ಇಮಿಯೆ ಎಂಬ ಊರಿನ ಹೋಟೆಲೊಂದರಲ್ಲಿ ಸುಮಾರು ಹದಿನೈದು ಮಂದಿ ಸಭೆ ಸೇರಿದರು. ಆಜಾನುಬಾಹು ರಷ್ಯನ್ ಕ್ರಾಂತಿಕಾರಿ ಮಿಖಾಯಿಲ್ ಬಕುನಿನ್ ಅಲ್ಲಿದ್ದ. ಇಟಲಿಯಿಂದ ಕಾರ್ಲೊ ಕಫಿಯೆರೊ, ಆಂಡ್ರಿಯಾ ಕೋಸ್ತಾ, ಇನ್ನೂ ಹತ್ತೊಂಬತ್ತು ತುಂಬದ ಎರ್ರಿಕೊ ಮಲಟೆಸ್ಟಾ ಬಂದಿದ್ದರು. ಸ್ಪೇನಿನವರಿದ್ದರು. ಹಿಂದಿನ ವರ್ಷ ಪ್ಯಾರಿಸ್ ಕಮ್ಯೂನ್ ಎಂಬ ಕಾರ್ಮಿಕರ ಬಂಡಾಯ ನೆತ್ತರಲ್ಲಿ ಮುಳುಗಿದ ಮೇಲೆ ತಲೆ ಉಳಿಸಿಕೊಂಡು ಓಡಿಬಂದ ಫ್ರೆಂಚರೂ ಇದ್ದರು. ಇವರನ್ನೆಲ್ಲ ಕರೆಸಿಕೊಂಡವರು ಅಲ್ಲಿನ ಗಡಿಯಾರ ಕೆಲಸಗಾರರು.

ಅದಕ್ಕೆ ಒಂದು ವಾರ ಮುಂಚೆಯಷ್ಟೇ ಹೇಗ್ ನಗರದಲ್ಲಿ ಕಾರ್ಲ್ ಮಾರ್ಕ್ಸ್ ಬೆಂಬಲಿಗರು ಅಂತರರಾಷ್ಟ್ರೀಯ ಕಾರ್ಮಿಕ ಸಂಘದಿಂದ ಬಕುನಿನ್‌ನನ್ನೂ ಅವನ ಗೆಳೆಯ ಜೇಮ್ಸ್ ಗಿಯೋಮ್‌ನನ್ನೂ ಹೊರಹಾಕಿದ್ದರು. ಸಂಘದ ಕೇಂದ್ರ ಸಮಿತಿಯನ್ನೇ ನ್ಯೂಯಾರ್ಕಿಗೆ ಸಾಗಿಸಿದ್ದರು. ಆ ಉಚ್ಚಾಟನೆಗೆ ಉತ್ತರ ಸೇಂಟ್ ಇಮಿಯೆಯಲ್ಲಿ ಸಿದ್ಧವಾಯಿತು. ಎರಡು ದಿನ ಚರ್ಚೆ ನಡೆದು, ಕೇಂದ್ರ ಸಮಿತಿಯ ಅಧಿಕಾರವನ್ನು ತಾವು ಒಪ್ಪುವುದಿಲ್ಲವೆಂದೂ, ರಾಜ್ಯಾಧಿಕಾರವನ್ನು ಹಿಡಿಯುವುದಲ್ಲ, ಇಲ್ಲವಾಗಿಸುವುದೇ ದುಡಿಯುವವರ ಮೊದಲ ಕೆಲಸವೆಂದೂ ನಿರ್ಣಯವಾಯಿತು. ಅರಾಜಕತಾವಾದ ಒಂದು ಸಂಘಟಿತ ಚಳವಳಿಯಾಗಿ ಹುಟ್ಟಿದ್ದು ಈ ಸಭೆಯಲ್ಲಿ ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ.

ಅದೇ ಊರಿನಲ್ಲಿ, ಸುಜ್ ಹೊಳೆಯ ದಂಡೆಯ ಮೇಲೆ, ಐದು ವರ್ಷಗಳ ಹಿಂದೆ ಒಂದು ಕಾರ್ಖಾನೆ ಎದ್ದಿತ್ತು. ಮನೆಮನೆಗಳಲ್ಲಿ ಚದುರಿದ್ದ ಗಡಿಯಾರದ ಕೆಲಸವನ್ನೆಲ್ಲ ಒಂದೇ ಸೂರಿನ ಕೆಳಗೆ, ಯಂತ್ರಗಳ ಮುಂದೆ, ಒಬ್ಬ ಯಜಮಾನನ ಲೆಕ್ಕದಲ್ಲಿ ತರಬೇಕೆಂಬುದು ಅದರ ಉದ್ದೇಶ. ಜಗತ್ತಿಗೆ ಲಾಂಜೀನ್ಸ್ ಎಂದು ಪರಿಚಯವಾದದ್ದು ಇದೇ ಕಾರ್ಖಾನೆ. ಯಜಮಾನರೇ ಬೇಡವೆಂದ ಸಭೆಯೂ ಯಜಮಾನಿಕೆಯ ಹೊಸ ಮಾದರಿ ಹಾಕಿಕೊಟ್ಟ ಕಾರ್ಖಾನೆಯೂ ಒಂದೇ ಕಣಿವೆಯಲ್ಲಿ, ಒಂದೇ ತಲೆಮಾರಿನಲ್ಲಿ ತಲೆಯೆತ್ತಿದವು. ಇದನ್ನು ಬರಿಯ ಕಾಕತಾಳೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಗಡಿಯಾರ ಕೆಲಸಗಾರನ ಹೊತ್ತು ಯಾರ ಕೈಯಲ್ಲಿರಬೇಕು ಎಂಬ ಒಂದೇ ಪ್ರಶ್ನೆಗೆ ಅವೆರಡೂ ಕೊಟ್ಟ ಉತ್ತರ ಬೇರೆ ಬೇರೆ, ಅಷ್ಟೆ.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಬರ್ನ್ ಪ್ರಾಂತ್ಯದ ಹೆಚ್ಚಿನ ಭಾಗ ಜರ್ಮನ್ ಮಾತಾಡುತ್ತದೆ. ವಾಯವ್ಯದ ಈ ಮೂಲೆ ಫ್ರೆಂಚ್ ಮಾತಾಡುತ್ತದೆ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಉದ್ದನೆಯ ಕಣಿವೆ, ಉತ್ತರಕ್ಕೆ ಮೋಂ ಸೊಲೇ, ದಕ್ಷಿಣಕ್ಕೆ 1,600 ಮೀಟರ್ ದಾಟಿದ ಶಾಸ್ರಾಲ್ ಬೆಟ್ಟ. ಏಳನೆಯ ಶತಮಾನದಲ್ಲಿ ಇಮಿಯೆ ಎಂಬ ತಪಸ್ವಿ ಬಂದು ಇಲ್ಲಿ ಗುಡಿಸಲು ಹಾಕಿಕೊಂಡನೆಂಬುದು ಐತಿಹ್ಯ. ಊರಿನ ಹೆಸರು ಅವನದು. ಹನ್ನೆರಡನೆಯ ಶತಮಾನದ ಕಲ್ಲಿನ ಚರ್ಚು ಇಂದಿಗೂ ಊರ ನಡುವೆ ನಿಂತಿದೆ. ಬಾಸೆಲ್‌ನ ಬಿಷಪ್ ದೊರೆಗಳ ಆಳ್ವಿಕೆ ಮುಗಿದು, ಕೆಲವು ವರ್ಷ ಫ್ರಾನ್ಸಿಗೆ ಸೇರಿ, 1815ರ ವಿಯೆನ್ನಾ ಒಪ್ಪಂದದ ನಂತರ ಕಣಿವೆ ಬರ್ನ್ ಪಾಲಾಯಿತು. ಯಾರೂ ಇಲ್ಲಿನ ಜನರನ್ನು ಕೇಳಿ ಹಂಚಿದ್ದಲ್ಲ.

ಗಡಿಯಾರ ಇಲ್ಲಿಗೆ ಬಂದದ್ದು ಪಕ್ಕದ ನ್ಯೂಷಾಟೆಲ್ ಬೆಟ್ಟಗಳಿಂದ. ಅಲ್ಲಿನವರು ಒಂದು ಕಥೆ ಹೇಳುತ್ತಾರೆ: 1679ರಲ್ಲಿ ಕುದುರೆ ವ್ಯಾಪಾರಿಯೊಬ್ಬ ಲಂಡನ್ನಿನಲ್ಲಿ ಕೊಂಡ ಜೇಬು ಗಡಿಯಾರ ಕೆಟ್ಟುಹೋಗಿ, ದಾನಿಯೆಲ್ ಜಾಂರಿಷಾರ್ ಎಂಬ ಕಮ್ಮಾರನ ಹುಡುಗ ಅದನ್ನು ಬಿಚ್ಚಿ, ರಿಪೇರಿ ಮಾಡಿ, ನೋಡಿಕೊಂಡೇ ಹೊಸದೊಂದನ್ನು ಮಾಡಿದನಂತೆ. ಜಾಂರಿಷಾರ್ ನಿಜವಾಗಿ ಇದ್ದವನೇ. ಕಥೆ ಮಾತ್ರ ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಅಚ್ಚಾದದ್ದು. ಸ್ವಿಸ್ಸರಿಗೆ ಅದು ಪ್ರಿಯವಾಗಿರುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಸಾಲ, ಬಂಡವಾಳ ಯಾವುದೂ ಅದರಲ್ಲಿ ತಲೆಹಾಕುವುದಿಲ್ಲ. ಹದಿನೆಂಟನೆಯ ಶತಮಾನದ ಹೊತ್ತಿಗೆ ಈ ಕಸುಬು ಬೆಟ್ಟ ಇಳಿದು ಕಣಿವೆಗೆ ಬಂತು. ಸೇಂಟ್ ಇಮಿಯೆ ಪಕ್ಕದ ವಿಲ್ಲೆರೆ ಹಳ್ಳಿಯಲ್ಲಿ ಬ್ಲಾಂಪಾನ್ ಮನೆತನ ತನ್ನ ಆರಂಭವನ್ನು 1735ಕ್ಕೆ ಎಣಿಸುತ್ತದೆ.

ಕೆಲಸ ನಡೆಯುತ್ತಿದ್ದ ರೀತಿಯನ್ನು ನೋಡಿದರೆ ಮುಂದಿನದೆಲ್ಲ ತಿಳಿಯುತ್ತದೆ. ಒಂದು ಗಡಿಯಾರವನ್ನು ಪೂರ್ತಿ ಮಾಡುವವನು ಯಾರೂ ಇರಲಿಲ್ಲ. ಊರಿನ ವ್ಯಾಪಾರಿಯೊಬ್ಬ ಬಿಡಿಭಾಗಗಳನ್ನು ಕೊಂಡು ಮನೆಗಳಿಗೆ ಹಂಚುತ್ತಿದ್ದ. ಒಂದು ಮನೆಯಲ್ಲಿ ಹಲ್ಲುಚಕ್ರ ಅರೆಯುವುದು, ಮತ್ತೊಂದರಲ್ಲಿ ಮಾಣಿಕ್ಯಕ್ಕೆ ತೂತು ಕೊರೆಯುವುದು, ಇನ್ನೊಂದರಲ್ಲಿ ಡಯಲಿಗೆ ಎನಾಮಲ್ ಹಚ್ಚುವುದು, ಮಗದೊಂದರಲ್ಲಿ ಬೆಳ್ಳಿಯ ಕೇಸಿಗೆ ಕೆತ್ತನೆ ಹಾಕುವುದು. ಕೊನೆಗೆ ಎಲ್ಲವೂ ವ್ಯಾಪಾರಿಯ ಕೋಣೆಗೆ ಮರಳಿ, ಜೋಡಣೆಯಾಗಿ, ಅವನ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. 1867ರಲ್ಲಿ ಹೊರಬಂದ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಮಾರ್ಕ್ಸ್ ಶ್ರಮವಿಭಜನೆಗೆ ಉದಾಹರಣೆಯಾಗಿ ಗಡಿಯಾರವನ್ನೇ ಎತ್ತಿಕೊಂಡು, ಅದರ ಹತ್ತಾರು ಕಸುಬುಗಳ ಉದ್ದನೆಯ ಪಟ್ಟಿ ಕೊಟ್ಟಿದ್ದಾನೆ; ಇಲ್ಲಿಂದ ಹತ್ತಿರದ ಲ ಶೋ ದ ಫೋಂ ಪಟ್ಟಣವಿಡೀ ಒಂದೇ ಕಾರ್ಖಾನೆಯಂತಿದೆ ಎಂದಿದ್ದಾನೆ.

ಈ ಕೆಲಸಕ್ಕೆ ಬೇಕಾದದ್ದು ಕಿಟಕಿ. ಜೂರಾದ ಹಳೆಯ ಮನೆಗಳ ಮೇಲ್ಮಹಡಿಯಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು ಕಾಣುತ್ತದೆ, ಒಂದರ ಪಕ್ಕ ಒಂದು ಸಾಲಾಗಿ. ಕಿಟಕಿಗೆ ಒತ್ತಿಕೊಂಡು ಉದ್ದನೆಯ ಮರದ ಮೇಜು. ಕೆಲಸಗಾರ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಮೊಳಕೈ ಮೇಜಿಗೆ ಊರಿ ಕೂರುತ್ತಿದ್ದ. ಎಲ್ಲಕ್ಕಿಂತ ನಾಜೂಕಿನ ಕೆಲಸ ಸಮಯ ಹೊಂದಿಸುವುದು. ಗಡಿಯಾರದ ಎದೆಯಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುವ ಬ್ಯಾಲೆನ್ಸ್ ಚಕ್ರವಿದೆ. ಅದಕ್ಕೆ ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗನ್ನು ಕೂರಿಸಬೇಕು. ಸ್ಪ್ರಿಂಗು ಕೊಂಚ ಉದ್ದವಾದರೆ ಗಡಿಯಾರ ಹಿಂದೆ ಬೀಳುತ್ತದೆ, ಗಿಡ್ಡವಾದರೆ ಓಡುತ್ತದೆ. ಚಿಮಟದಲ್ಲಿ ಸುರುಳಿಯ ತುದಿ ಹಿಡಿದು, ಚಕ್ರವನ್ನು ಆಡಿಸಿ, ಬಡಿತ ಎಣಿಸಿ, ಸಾಲದಿದ್ದರೆ ಮತ್ತೆ ಹಿಡಿದು ಎಣಿಸುವ ಕೆಲಸ. ಕಾಲಕ್ರಮೇಣ ಇದು ಹೆಂಗಸರ ಪಾಲಿಗೆ ಬಂತು. ಗಡಿಯಾರದ ನಿಖರತೆ ಅವರ ಬೆರಳಿನಲ್ಲಿತ್ತು; ಕೂಲಿ ಮಾತ್ರ ಗಂಡಸರಿಗಿಂತ ಕಡಿಮೆ. ಹೇಗ್‌ನವರನ್ನು ಧಿಕ್ಕರಿಸಿದ ಆ ಸಭೆಯ ಪ್ರತಿನಿಧಿಗಳಲ್ಲೂ ಹೆಂಗಸರ ಹೆಸರು ಕಾಣುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಕೂಲಿ ತುಂಡಿನ ಲೆಕ್ಕದಲ್ಲಿ. ಹೀಗಾಗಿ ಯಾವಾಗ ಕೂರಬೇಕು, ಯಾವಾಗ ಏಳಬೇಕು ಎಂದು ಹೇಳುವವರಿರಲಿಲ್ಲ. ಕೈ ಕೆಲಸ ಮಾಡುತ್ತಿದ್ದರೂ ಬಾಯಿ ಬಿಡುವಾಗಿತ್ತು. ಕಾರ್ಖಾನೆಯ ಗದ್ದಲವಿಲ್ಲದ್ದರಿಂದ ಒಂದೇ ಮೇಜಿನ ಹತ್ತು ಜನ ಇಡೀ ದಿನ ಮಾತಾಡಬಹುದಿತ್ತು. ಇಂಥ ಜನ ಪೇಪರ್ ಓದುತ್ತಿದ್ದರು, ಅದರ ಬಗ್ಗೆ ವಾದ ಮಾಡುತ್ತಿದ್ದರು. ಆದರೆ ಇದೆಲ್ಲ ಸುಖದ ಚಿತ್ರವೆಂದು ಬಗೆಯಬೇಡಿ. ಪ್ಯಾರಿಸ್ಸಿನಲ್ಲೋ ನ್ಯೂಯಾರ್ಕಿನಲ್ಲೋ ಬೇಡಿಕೆ ಕುಸಿದರೆ ಕಣಿವೆಯಲ್ಲಿ ಅಡುಗೆಮನೆ ತಣ್ಣಗಾಗುತ್ತಿತ್ತು, ವ್ಯಾಪಾರಿ ಹೇಳಿದ್ದೇ ದರವಾಗುತ್ತಿತ್ತು.

ಅಂಥ ವ್ಯಾಪಾರಿಗಳಲ್ಲಿ ಓಗುಸ್ತ್ ಅಗಾಸಿ ಒಬ್ಬ. 1832ರಲ್ಲಿ ಇಬ್ಬರು ಪಾಲುದಾರರೊಡನೆ ಸೇಂಟ್ ಇಮಿಯೆಯಲ್ಲಿ ವ್ಯವಹಾರ ಶುರುಮಾಡಿದ. ಭೂಮಿಯ ಮೇಲೆ ಹಿಂದೊಮ್ಮೆ ಹಿಮಯುಗವಿತ್ತು ಎಂದು 1837ರಲ್ಲಿ ನ್ಯೂಷಾಟೆಲ್‌ನ ವಿದ್ವಾಂಸರ ಮುಂದೆ ಸಾರಿದ ವಿಜ್ಞಾನಿ ಲೂಯಿ ಅಗಾಸಿ ಇವನ ಅಣ್ಣ. ಓಗುಸ್ತ್‌ನ ನಂತರ ವ್ಯವಹಾರ ಅವನ ಸೋದರಳಿಯ ಅರ್ನೆಸ್ಟ್ ಫ್ರಾಂಸಿಯೋನ್ ಕೈಗೆ ಬಂತು. ಹಂಚಿದ ಕೆಲಸದಲ್ಲಿ ಗುಣಮಟ್ಟ ಒಂದೇ ಸಮ ಬರುವುದಿಲ್ಲ, ಒಂದು ಮನೆಯ ಚಕ್ರ ಮತ್ತೊಂದು ಮನೆಯ ತಟ್ಟೆಗೆ ಕೂರುವುದಿಲ್ಲ ಎಂಬುದು ಅವನ ಬೇಸರ. 1866ರಲ್ಲಿ ಹೊಳೆಯ ಪಕ್ಕದ ಜಾಗ ಕೊಂಡ, ಮರುವರ್ಷ ಕಾರ್ಖಾನೆ ತೆರೆದ. ಜಾಕ್ ದಾವಿದ್ ಎಂಬ ಯುವ ಎಂಜಿನಿಯರನ್ನು ಕರೆತಂದು ಯಂತ್ರಗಳ ಜವಾಬ್ದಾರಿ ವಹಿಸಿದ. ಊರಿನ ಗಡಿಯಾರ ಶಾಲೆ ಆರಂಭವಾದದ್ದೂ 1866ರಲ್ಲೇ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ವೈದ್ಯ ಪಿಯೆರ್ ಕೂಲ್ರಿಯ ಪ್ರಚಾರದಿಂದ ಅಂತರರಾಷ್ಟ್ರೀಯ ಕಾರ್ಮಿಕ ಸಂಘದ ಶಾಖೆಗಳು ಕಣಿವೆಗೆ ಬಂದವು. ಕೂಲ್ರಿ ಮೃದು ಸ್ವಭಾವದ ಸುಧಾರಕ. ಅವನು ಹಾಕಿದ ಬೀಜ ಅವನು ಬಯಸದ ಗಿಡವಾಯಿತು. ಸೊನ್ವಿಲಿಯೆ ಹಳ್ಳಿಯ ಅಡೆಮಾರ್ ಶ್ವಿಟ್ಸ್‌ಗೆಬೆಲ್ ಗಡಿಯಾರದ ಕೇಸಿಗೆ ಕೆತ್ತನೆ ಹಾಕುವ ಕಸುಬಿನವ. ಲ ಲೋಕ್ಲ್ ಊರಿನಲ್ಲಿ ಮೇಷ್ಟರಾಗಿದ್ದ ಗಿಯೋಮ್ ಓದಿಕೊಂಡವನು. ಇಬ್ಬರೂ 1844ರಲ್ಲಿ ಹುಟ್ಟಿದವರು. 1869ರಲ್ಲಿ ಬಕುನಿನ್ ಲ ಲೋಕ್ಲ್‌ಗೆ ಬಂದು ಮಾತಾಡಿದ. 1871ರ ವಸಂತದಲ್ಲಿ ಈ ಕಣಿವೆಯ ಕೆಲಸಗಾರರ ಮುಂದೆಯೇ ಉಪನ್ಯಾಸ ಕೊಟ್ಟ. ಆ ನವೆಂಬರಿನಲ್ಲಿ ಸೊನ್ವಿಲಿಯೆಯಲ್ಲಿ ಜೂರಾ ಒಕ್ಕೂಟ ಸ್ಥಾಪನೆಯಾಗಿ, ಆಗ ಲಂಡನ್ನಿನಲ್ಲಿದ್ದ ಕೇಂದ್ರ ಸಮಿತಿಯ ಸರ್ವಾಧಿಕಾರವನ್ನು ಪ್ರಶ್ನಿಸುವ ಸುತ್ತೋಲೆ ಯೂರೋಪಿನ ಎಲ್ಲ ಶಾಖೆಗಳಿಗೂ ಹೋಯಿತು. ನಾಳೆ ಸ್ವತಂತ್ರ ಸಮಾಜ ಕಟ್ಟಬೇಕೆನ್ನುವ ಸಂಘ ಇಂದು ತನ್ನೊಳಗೇ ದರ್ಬಾರು ನಡೆಸಿದರೆ ಹೇಗೆ ಎಂಬುದು ಅದರ ತಿರುಳು. ನನ್ನ ಮಟ್ಟಿಗೆ ಇಡೀ ಜಗಳದಲ್ಲಿ ಇಂದಿಗೂ ಹಳಸದ ವಾದ ಇದೊಂದೇ.

ಈ ಜನರನ್ನು ಹತ್ತಿರದಿಂದ ಕಂಡು ಬರೆದವನು ಪೀಟರ್ ಕ್ರೊಪೊಟ್ಕಿನ್. ರಷ್ಯಾದ ರಾಜಮನೆತನದ ಸಂಬಂಧವಿದ್ದ ಕುಲೀನ, ಸೈಬೀರಿಯಾ ಸುತ್ತಿದ ಭೂಗೋಳಶಾಸ್ತ್ರಜ್ಞ, ಹಿಮಯುಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದವ. ಅಗಾಸಿಯ ಸಿದ್ಧಾಂತದ ಬೆನ್ನು ಹತ್ತಿದ ವಿದ್ವಾಂಸ, ಅಗಾಸಿಯ ತಮ್ಮ ವ್ಯಾಪಾರ ಹೂಡಿದ್ದ ಕಣಿವೆಗೇ 1872ರಲ್ಲಿ ಬಂದ. ಬಂದದ್ದು ಕಲ್ಲು ನೋಡಲಲ್ಲ, ಕಾರ್ಮಿಕರನ್ನು ನೋಡಲು. ಮೊದಲು ನ್ಯೂಷಾಟೆಲ್‌ನಲ್ಲಿ ಗಿಯೋಮ್‌ನನ್ನು ಹುಡುಕಿಕೊಂಡು ಹೋದ. ಆ ಹೊತ್ತಿಗೆ ಗಿಯೋಮ್ ಒಂದು ಸಣ್ಣ ಮುದ್ರಣಾಲಯದಲ್ಲಿ ದುಡಿಯುತ್ತಿದ್ದ. ಪತ್ರಿಕೆ ಹೊರಡಬೇಕು, ಸಾವಿರದಷ್ಟು ವಿಳಾಸ ಬರೆದು ಸುತ್ತಬೇಕು, ಮಾತಾಡಲು ಪುರುಸೊತ್ತಿಲ್ಲ ಎಂದುಬಿಟ್ಟ. ಹಾಗಾದರೆ ನಾನೇ ಬಂದು ಸುತ್ತಿಕೊಡುತ್ತೇನೆ, ಉಳಿಯುವ ಹೊತ್ತನ್ನು ನನಗೆ ಕೊಡಿ ಎಂದ ರಾಜಕುಮಾರ.

ಅಲ್ಲಿಂದ ಸೊನ್ವಿಲಿಯೆಗೆ. ಶ್ವಿಟ್ಸ್‌ಗೆಬೆಲ್‌ನ ಅಂಗಡಿಯಲ್ಲಿ ಹತ್ತು ಹನ್ನೆರಡು ಯುವಕರು ಚಿನ್ನ, ಬೆಳ್ಳಿಯ ಗಡಿಯಾರದ ಮುಚ್ಚಳಗಳಿಗೆ ಕೆತ್ತನೆ ಹಾಕುತ್ತಿದ್ದರು. ಬೆಂಚಿನ ಮೇಲೋ ಮೇಜಿನ ಮೇಲೋ ಕೂತುಕೊಳ್ಳಿ ಎಂದರು. ಉಳಿ ಓಡುತ್ತಲೇ ಇತ್ತು, ಸರ್ಕಾರ ಬೇಕೇ ಬೇಡವೇ ಎಂಬ ಚರ್ಚೆಯೂ ಓಡಿತು. ಆ ಸಂಜೆ ಕಣ್ಣು ಬಿಡಲಾಗದಂಥ ಹಿಮಗಾಳಿ. ಆದರೂ ಪಕ್ಕದ ಹಳ್ಳಿಯ ಸಣ್ಣ ಸಭೆಗೆ ಐವತ್ತರಷ್ಟು ಗಡಿಯಾರಗಾರರು, ಹೆಚ್ಚಿನವರು ವಯಸ್ಸಾದವರು, ಮೈಲಿಗಟ್ಟಲೆ ನಡೆದು ಬಂದಿದ್ದರು. ಇಲ್ಲಿ ನಾಯಕರು, ಹಿಂಬಾಲಕರು ಎಂಬ ಭೇದವಿಲ್ಲ, ಪ್ರತಿಯೊಬ್ಬನೂ ತನ್ನ ತಲೆಯಲ್ಲೇ ಯೋಚಿಸುತ್ತಾನೆ ಎಂಬುದು ಕ್ರೊಪೊಟ್ಕಿನ್‌ಗೆ ಹಿಡಿಸಿತು. ಒಂದು ವಾರ ಅವರ ನಡುವೆ ಕಳೆದು ಬೆಟ್ಟ ಇಳಿಯುವಾಗ ತಾನು ಅರಾಜಕತಾವಾದಿಯಾಗಿದ್ದೆ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಬಕುನಿನ್‌ನನ್ನು ಅವನು ಆಗಲೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ. ಪುಸ್ತಕವಲ್ಲ, ಗುರುವಲ್ಲ, ಒಂದು ಕೆಲಸದ ಕ್ರಮ ಅವನನ್ನು ಬದಲಿಸಿತು. ಯಾರ ಹಂಗೂ ಇಲ್ಲದೆ ಒಬ್ಬರಿಗೊಬ್ಬರು ಹೊಂದಿಕೊಂಡು ದುಡಿಯುವವರನ್ನು ಕಣ್ಣಾರೆ ಕಂಡಿದ್ದ.

ಆದರೆ ಆ ಕ್ರಮಕ್ಕೆ ಆಯುಷ್ಯ ಹೆಚ್ಚು ಉಳಿದಿರಲಿಲ್ಲ. 1873ರಲ್ಲಿ ಜಗತ್ತಿನಾದ್ಯಂತ ವ್ಯಾಪಾರ ಕುಸಿಯಿತು. ಮರುವರ್ಷ ಬೀಲ್ ಪಟ್ಟಣದಿಂದ ಕಣಿವೆಗೆ ರೈಲು ಬಂತು. ಅಮೆರಿಕಕ್ಕೆ ಸ್ವಿಸ್ ಗಡಿಯಾರಗಳ ರಫ್ತು 1872ರಲ್ಲಿ 1 ಕೋಟಿ 80 ಲಕ್ಷ ಫ್ರಾಂಕ್ ದಾಟಿತ್ತು. 1876ರಲ್ಲಿ 50 ಲಕ್ಷವನ್ನೂ ಮುಟ್ಟಲಿಲ್ಲ. ಕಾರಣ ಬರಿಯ ಆರ್ಥಿಕ ಕುಸಿತವಲ್ಲ. ಮ್ಯಾಸಚುಸೆಟ್ಸ್‌ನ ವಾಲ್ತಮ್ ಕಂಪನಿ ಯಂತ್ರದಿಂದಲೇ ಗಡಿಯಾರ ತಯಾರಿಸುತ್ತಿತ್ತು.

1876ರ ಫಿಲಡೆಲ್ಫಿಯಾ ಮಹಾಪ್ರದರ್ಶನದಲ್ಲಿ ಸ್ವಿಸ್ಸರ ಕಣ್ಣು ತೆರೆಯಿತು. ತೀರ್ಪುಗಾರನಾಗಿ ಹೋಗಿದ್ದ ಲ ಲೋಕ್ಲ್‌ನ ಎದುವಾರ್ ಫಾವ್ರ್ ಪೆರೆ, ವಾಲ್ತಮ್‌ನವರಲ್ಲಿ ಐದನೆಯ ದರ್ಜೆಯ ಒಂದು ಗಡಿಯಾರ ಕೇಳಿದ. ತಿಜೋರಿ ತೆರೆದರು, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡ. ಪ್ಯಾರಿಸ್ಸಿಗೆ ಬಂದು ಸಮಯ ಹೊಂದಿಸಿ ನೋಡಿದರೆ ಆರು ದಿನಕ್ಕೆ ಅರ್ಧ ನಿಮಿಷದಷ್ಟು ಮಾತ್ರ ವ್ಯತ್ಯಾಸ. ಊರಿನಲ್ಲಿ ನುರಿತ ಕೆಲಸಗಾರನಿಗೆ ಅದನ್ನು ಬಿಚ್ಚಲು ಕೊಟ್ಟಾಗ, ನಮ್ಮಲ್ಲಿ ಐವತ್ತು ಸಾವಿರದಲ್ಲೂ ಇಂಥದೊಂದು ಸಿಗದು ಎಂಬರ್ಥದ ಮಾತು ಅವನ ಬಾಯಿಂದ ಬಂತಂತೆ. ಫಾವ್ರ್ ಪೆರೆ ಇದನ್ನು ಊರೂರಿನಲ್ಲಿ ಭಾಷಣ ಮಾಡಿ ಹೇಳಿದ. ಮಾತು ಸ್ವಲ್ಪ ಉಬ್ಬಿದ್ದೇ ಇರಬೇಕು. ತನ್ನವರನ್ನು ಎಬ್ಬಿಸಲು ಹೊರಟವನು ಅಳತೆ ಮಾಡಿ ಮಾತಾಡುವುದಿಲ್ಲ.

ಜಾಕ್ ದಾವಿದ್ ಭಾಷಣ ಮಾಡಲಿಲ್ಲ, ವರದಿ ಬರೆದ. ಜೂರಾದ ಉದ್ಯಮಿಗಳು ಅದೇ 1876ರಲ್ಲಿ ಕಟ್ಟಿಕೊಂಡ ಸಂಸ್ಥೆಯ ಪರವಾಗಿ ಅವನೂ ಥಿಯೊ ಗ್ರಿಬಿಯೂ ಅಮೆರಿಕದ ಕಾರ್ಖಾನೆಗಳನ್ನು ಹೊಕ್ಕು ನೋಡಿದರು: ತಾನೇ ತಿರುಗುವ ಯಂತ್ರಗಳು, ಪ್ರತಿ ಹಂತದಲ್ಲೂ ಅಳತೆಯ ಗೇಜುಗಳು, ಯಾವ ಗಡಿಯಾರಕ್ಕಾದರೂ ಕೂರುವ ಬಿಡಿಭಾಗಗಳು. ಮನೆಗೆಲಸದ ಪದ್ಧತಿಗೇ ಅಂಟಿಕೊಂಡರೆ ಸ್ವಿಸ್ ಗಡಿಯಾರಕ್ಕೆ ಉಳಿಗಾಲವಿಲ್ಲ, ಯಂತ್ರ ಹೂಡಿ ಎಂಬುದು ದಾವಿದ್ ತಂದ ಸುದ್ದಿ. ಹಲವು ಯಜಮಾನರಿಗೆ ಇದು ರುಚಿಸಲಿಲ್ಲ. ಲಾಂಜೀನ್ಸ್‌ಗೆ ರುಚಿಸಿತು.

ಅದೇ 1876ರ ಜುಲೈ 1ರಂದು ಬಕುನಿನ್ ಬರ್ನ್ ನಗರದಲ್ಲಿ ತೀರಿಕೊಂಡ. 1877ರ ಮಾರ್ಚ್ 18ರಂದು, ಪ್ಯಾರಿಸ್ ಕಮ್ಯೂನಿನ ವಾರ್ಷಿಕ ದಿನ, ಜೂರಾದವರು ಬರ್ನ್ ಬೀದಿಯಲ್ಲಿ ಕೆಂಪು ಬಾವುಟ ಹಿಡಿದು ಹೊರಟು ಪೊಲೀಸರೊಡನೆ ಕೈಕೈ ಮಿಲಾಯಿಸಿದರು. ಒಕ್ಕೂಟದ ಕೊನೆಯ ಅಬ್ಬರ ಇದೇ. 1878ರ ಮಾರ್ಚಿನಲ್ಲಿ ಅವರ ಪತ್ರಿಕೆ ನಿಂತಿತು, ಗಿಯೋಮ್ ಪ್ಯಾರಿಸ್ಸಿಗೆ ಹೋದ, ಕೆಲವೇ ವರ್ಷಗಳಲ್ಲಿ ಒಕ್ಕೂಟ ಕರಗಿತು. ಶ್ವಿಟ್ಸ್‌ಗೆಬೆಲ್ ಕೊನೆಗೆ ಬೀಲ್‌ಗೆ ಹೋಗಿ ನೆಲೆಸಿ 1895ರಲ್ಲಿ ಸತ್ತ. ಇನ್ನೊಂದು ಸಂಗತಿಯೂ ಇದೆ. ದಿನಕ್ಕೆ 11 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಸ್ವಿಸ್ ಕಾರ್ಖಾನೆ ಕಾಯಿದೆ ಬಂದದ್ದು 1877ರಲ್ಲಿ. ಸರ್ಕಾರವೇ ಬೇಡವೆಂದವರ ಕಣಿವೆಯಲ್ಲಿ ಕಾರ್ಮಿಕನಿಗೆ ಸಿಕ್ಕ ಮೊದಲ ರಕ್ಷಣೆ ಸರ್ಕಾರದ ಕಾನೂನಿನದು. ಅದೂ ಕಾರ್ಖಾನೆಯಲ್ಲಿ ದುಡಿಯುವವರಿಗೆ, ಮನೆಯ ಕಿಟಕಿಯ ಬಳಿ ಕೂತವರಿಗಲ್ಲ.

ಬಂಡಾಯ ಸೋತದ್ದು ಮಾರ್ಕ್ಸ್‌ಗೂ ಅಲ್ಲ, ಪೊಲೀಸರಿಗೂ ಅಲ್ಲ, ವಾಲ್ತಮ್‌ನ ಯಂತ್ರಗಳಿಗೆ. ಆದರೆ ಯಂತ್ರ ಬಾರದಿದ್ದರೆ ಊರೇ ಉಳಿಯುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಉಳಿದದ್ದು ಕಂಪನಿಗಳ ಚರಿತ್ರೆ. ಎದುವಾರ್ ಹೋಯರ್ 1860ರಲ್ಲಿ ತನ್ನ ಕಾರ್ಯಾಗಾರ ತೆರೆದದ್ದು ಸೇಂಟ್ ಇಮಿಯೆಯಲ್ಲಿ. ಲಿಯೋಂ ಬ್ರೈಟ್ಲಿಂಗ್ 1884ರಲ್ಲಿ ಇಲ್ಲೇ ಶುರುಮಾಡಿ, 1892ರಲ್ಲಿ ಲ ಶೋ ದ ಫೋಂಗೆ ಹೋದ. ಮುಂಬಯಿ, ಕಲ್ಕತ್ತಗಳಲ್ಲಿ ಅಂಗಡಿ ಇಟ್ಟು ಭಾರತದುದ್ದಕ್ಕೂ ಹೆಸರಾದ ವೆಸ್ಟ್ ಎಂಡ್ ವಾಚ್ ಕಂಪನಿಯ ಬೇರೂ ಈ ಊರಿನದೇ. ಅಜ್ಜಂದಿರ ಪೆಟ್ಟಿಗೆಯಲ್ಲಿ ಆ ಹೆಸರಿನ ಗಡಿಯಾರ ಕಂಡವರು ನಮ್ಮಲ್ಲೂ ಇದ್ದಾರು. ಲಾಂಜೀನ್ಸ್ ತನ್ನ ರೆಕ್ಕೆಯ ಮರಳು ಗಡಿಯಾರದ ಗುರುತನ್ನು 1889ರಲ್ಲಿ ನೋಂದಾಯಿಸಿತು. 1911ರ ಹೊತ್ತಿಗೆ ಅಲ್ಲಿ 1,100ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್ ಸೂಚಿಸಿದ ವೈಮಾನಿಕರ ಗಡಿಯಾರ 1931ರಲ್ಲಿ ಇಲ್ಲಿಂದ ಹೊರಟಿತು.

1970ರ ದಶಕದಲ್ಲಿ ಜಪಾನಿನ ಕ್ವಾರ್ಟ್ಜ್ ಗಡಿಯಾರಗಳು ಫಿಲಡೆಲ್ಫಿಯಾದ ಪಾಠವನ್ನು ಮತ್ತೊಮ್ಮೆ ಕಲಿಸಿದವು. 1970ರ ಸುಮಾರಿಗೆ ಸ್ವಿಸ್ ಗಡಿಯಾರ ಉದ್ಯಮದಲ್ಲಿ ಸುಮಾರು 90,000 ಮಂದಿಯಿದ್ದರು. 1980ರ ದಶಕದ ನಡುವಿನಲ್ಲಿ 30,000 ಚಿಲ್ಲರೆ ಉಳಿದರು. ಲಾಂಜೀನ್ಸ್ ಉಳಿಯಿತು, ಈಗಿನ ಸ್ವಾಚ್ ಗ್ರೂಪ್‌ನ ಭಾಗವಾಗಿ. 1970ರ ದಶಕದಲ್ಲೇ ಜೂರಾದ ಫ್ರೆಂಚ್ ಭಾಷಿಕರು ಬರ್ನ್‌ನಿಂದ ಬೇರೆಯಾಗಬೇಕೆಂದು ಹೋರಾಡಿ 1979ರಲ್ಲಿ ತಮ್ಮದೇ ಪ್ರಾಂತ್ಯ ಪಡೆದರು. ಸೇಂಟ್ ಇಮಿಯೆ ಇರುವ ದಕ್ಷಿಣ ಭಾಗ ಮಾತ್ರ ಬರ್ನ್ ಜತೆಗೇ ಇರುತ್ತೇವೆಂದು ಮತ ಹಾಕಿತು.

ಇಂದು ಊರಿನ ಜನಸಂಖ್ಯೆ 5,000ದ ಆಸುಪಾಸು. ಲಾಂಜೀನ್ಸ್‌ನ ಕೇಂದ್ರ ಕಚೇರಿ ಈಗಲೂ ಹೊಳೆಯ ಪಕ್ಕದಲ್ಲೇ ಇದೆ. 1903ರಿಂದ ಓಡುತ್ತಿರುವ ಹಗ್ಗದ ರೈಲು ಮೋಂ ಸೊಲೇಗೆ ಹತ್ತಿಸುತ್ತದೆ. ಮೇಲೆ 1992ರ ಸೌರ ವಿದ್ಯುತ್ ಸ್ಥಾವರವೂ ಗಾಳಿಯಂತ್ರಗಳೂ ಇವೆ. ಕೆಳಗೆ ಎಸ್ಪಾಸ್ ನುವಾರ್ ಎಂಬ ಸಹಕಾರಿ ಸಂಸ್ಥೆ ಹಳೆಯ ವಿಚಾರವನ್ನು ಬಿಡದೆ ಹಿಡಿದುಕೊಂಡಿದೆ. ಸಭೆಗೆ 140 ವರ್ಷವಾದ 2012ರಲ್ಲಿ, ಮತ್ತೆ 2023ರ ಜುಲೈನಲ್ಲಿ, ಜಗತ್ತಿನ ಮೂಲೆಮೂಲೆಯಿಂದ ಸಾವಿರಾರು ಅರಾಜಕತಾವಾದಿಗಳು ಇಲ್ಲಿ ಸೇರಿದ್ದರು.

ಸ್ವಿಸ್ ನಿರ್ದೇಶಕ ಸಿರಿಲ್ ಶೊಯ್ಬ್ಲಿನ್ 2022ರಲ್ಲಿ ಇದೇ ಊರಿನ 1877ರ ಕಥೆಯನ್ನು ‘ಉನ್ರುಎ’ ಎಂಬ ಸಿನಿಮಾ ಮಾಡಿದ್ದಾನೆ. ಬ್ಯಾಲೆನ್ಸ್ ಚಕ್ರ ಕೂರಿಸುವ ಹುಡುಗಿ, ಊರಿಗೆ ಬಂದ ಕ್ರೊಪೊಟ್ಕಿನ್, ಪಾಲಿಕೆಗೊಂದು, ರೈಲಿಗೊಂದು, ತಂತಿ ಕಚೇರಿಗೊಂದು, ಕಾರ್ಖಾನೆಗೊಂದು ಎಂದು ನಾಲ್ಕು ಬೇರೆ ಬೇರೆ ಸಮಯ ಇಟ್ಟುಕೊಂಡ ಊರು, ಎಲ್ಲವೂ ಅದರಲ್ಲಿವೆ. ಹೆಂಗಸರ ಕೈಗೆಲಸವನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಚಿತ್ರವನ್ನು ನಾನು ಬೇರೆ ನೋಡಿಲ್ಲ. ಸಿಕ್ಕರೆ ನೋಡಿ. ಅದಕ್ಕೆ ಮೊದಲು ಕ್ರೊಪೊಟ್ಕಿನ್‌ನ ಆತ್ಮಕಥೆಯಲ್ಲಿ ಜೂರಾದ ಭಾಗವನ್ನು ಓದಿಕೊಳ್ಳಿ. ಕೆಲವೇ ಪುಟಗಳಿವೆ, ಒಂದು ಸಂಜೆ ಸಾಕು.